ಅಡುಗೆಮನೆ ಕಿಟಕಿಯ ಟೆಲಿಪ್ರಿಂಟರ್

ಚಿತ್ರದುರ್ಗದಲ್ಲಿ ನಾವು ಬಾಡಿಗೆಗಿದ್ದ ಮನೆಯ ಅಡುಗೆಮನೆಯಲ್ಲಿ ಒಂದು ವಿಚಿತ್ರ ಕಿಟಕಿಯಿತ್ತು. ಅದು ಹೊರಗೆ ತೆರೆಯುತ್ತಿರಲಿಲ್ಲ, ಪಕ್ಕದ ಕೋಣೆಗೆ ತೆರೆಯುತ್ತಿತ್ತು. ಹಿಂದೆ ಇದ್ದವರು ಆ ಕೋಣೆಯನ್ನು ಉಗ್ರಾಣ ಮಾಡಿಕೊಂಡಿದ್ದರಂತೆ. ಅಕ್ಕಿ ಬೇಳೆಯನ್ನು ಕೈಯಿಂದ ಕೈಗೆ ಕೊಡಲೆಂದು ಗೋಡೆ ಒಡೆದು ಎರಡು ಗೇಣಿನಷ್ಟು ಅಗಲಕ್ಕೆ ಕಿಂಡಿ ಮಾಡಿಸಿ, ಅದಕ್ಕೊಂದು ಮರದ ಚೌಕಟ್ಟು ಕೂರಿಸಿದ್ದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೋಣೆಯ ಗಾಜಿನ ಹೆಂಚಿನಿಂದ ಬಿದ್ದ ಬಿಸಿಲು ಆ ಚೌಕಟ್ಟನ್ನು ದಾಟಿ ನನ್ನ ಒಲೆಕಟ್ಟೆಯವರೆಗೆ ಬರುತ್ತಿತ್ತು. ಅದರೊಳಗೆ ಧೂಳಿನ ಕಣಗಳು ಎಲ್ಲಿಗೂ ಹೋಗುವ ಅವಸರವಿಲ್ಲದೆ ತೇಲುತ್ತಿದ್ದವು. ಎಪ್ಪತ್ತರ ದಶಕದ ನಡುವಿನ ಆ ದಿನಗಳನ್ನು ನೆನೆದರೆ ನನಗೆ ಕೋಟೆಗಿಂತ ಮೊದಲು ಕಾಣುವುದು ಆ ಬಿಸಿಲಿನ ಪಟ್ಟಿ.

ಕೋಣೆಯಲ್ಲಿ ಓದುತ್ತಿದ್ದವಳು ನನ್ನ ನಾದಿನಿ, ನಮ್ಮ ಮನೆಯವರ ಒಬ್ಬಳೇ ತಂಗಿ. ಪಿಯುಸಿ ಮುಗಿಸಿದ್ದಳು. ಬೆಳ್ಳಗೆ ಸಣ್ಣಗೆ, ಒಂದು ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟು ಉಳಿದರ್ಧವನ್ನು ಸೆರಗಿನ ತುದಿಗೆ ಸುತ್ತುತ್ತ ನಿಲ್ಲುವ ಹುಡುಗಿ. ಮನೆಯವರು ತಂತಿ ಕಚೇರಿಯಲ್ಲಿ ಟೆಲಿಪ್ರಿಂಟರ್ ಮೇಲೆ ಕೆಲಸ ಮಾಡುತ್ತಿದ್ದರು. ತಂಗಿಯೂ ಆ ಕೆಲಸಕ್ಕೆ ಅರ್ಜಿ ಹಾಕಿದ್ದಳು. ದಾವಣಗೆರೆಯಲ್ಲಿ ಕೈಪರೀಕ್ಷೆ. ಅಷ್ಟರೊಳಗೆ ಶ್ರೀರಾಂಪುರದ ಒಂದು ಮನೆಯವರು ಅವಳನ್ನು ನೋಡಲು ಬರುವ ಮಾತೂ ಶುರುವಾಗಿತ್ತು.

ಮಾತು ಶುರು ಮಾಡಿದವರು ಮಾವನವರು. ತಾಳ್ಯದಲ್ಲಿ ಅವರಿಗೆ ಹೊಲವಿತ್ತು, ಕುರಿ ಇದ್ದವು. ಮಗಳು ಚಿಕ್ಕವಳಿದ್ದಾಗಲೇ ಅತ್ತೆ ತೀರಿಕೊಂಡಿದ್ದರು. ಕೆಲಸದ ಸುದ್ದಿ ಕೇಳಿದ ದಿನ ಮಾವನವರು ಮಗನನ್ನು ಎದುರಿಗೆ ಕೂರಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಪ್ಪ, ಈ ಕಡೆ ನಮ್ ಹುಡುಗಿ ಕುಂತ್ಕಂತಾಳೆ, ಸರಿ. ಆ ಕಡೆ ಯಾರು ಕುಂತಿರ್ತಾರೆ?"

"ಯಾರಾದ್ರೂ ಇರ್ತಾರಪ್ಪ. ಡ್ಯೂಟಿ ಇದ್ದೋರು."

"ಗಂಡಸೋ ಹೆಂಗಸೋ?"

"ಅದು ಗೊತ್ತಾಗಲ್ಲ. ಅಕ್ಷರ ಬರ್ತವೆ ಅಷ್ಟೇ."

"ಸರಿ ಹೋತು! ಯಾರು ಅಂತ ಗೊತ್ತಿಲ್ದೋರ ಜೊತೆ ಬೆಳಗಿಂದ ಸಂಜೆತನ ಮಾತಾ? ಕುರಿ ಕೂಡ ಕೂಗು ಗುರುತು ಹಿಡಿದೇ ಬರ್ತೈತೆ ಕಣೋ ಲೇ."

ಅವರು ಖಡಾಖಂಡಿತವಾಗಿ ಬೇಡ ಎನ್ನಲಿಲ್ಲ. ಶ್ರೀರಾಂಪುರದವರು ಬಂದು ಹೋಗಲಿ, ಆಮೇಲೆ ನೋಡೋಣ ಎಂದರು. ಆದರೆ ಶ್ರೀರಾಂಪುರದವರು ಒಪ್ಪಿಬಿಟ್ಟರೆ ಆಮೇಲೆ ನೋಡಲು ಏನೂ ಉಳಿಯುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾದಿನಿ ಅಣ್ಣನ ಹಿಂದೆ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಬಸ್ಸಿಗೆ ಹೋದ ಮೇಲೆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

ಅಪ್ಪನೊಡನೆ ಮಾತಾಡಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ನನಗೋ, ಮಾವನೊಡನೆ ಮಾತಾಡುವುದಕ್ಕೆ ರೂಢಿಯೇ ಇರಲಿಲ್ಲ. ಅವರ ಕಡೆ ಸೊಸೆ ಮಾವನಿಗೆ ನೇರ ಮಾತು ಕೊಡುವಂತಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳ ಎದುರು ಕೈಕಟ್ಟಿ ನಿಂತರೂ ಕಣ್ಣಲ್ಲಿ ಕಣ್ಣಿಟ್ಟು ಉತ್ತರ ಹೇಳಬೇಕೆಂದು ಕಲಿತವಳು. ಮದುವೆಯಾದ ಹೊಸದರಲ್ಲಿ ನನಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಮಾವನವರು ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಮೂರು ಮಾರು ದೂರದಲ್ಲಿ ಅಡುಗೆಮನೆಯೊಳಗಿದ್ದ ನನಗೆ ಕಂಬದ ಕೈಯಲ್ಲಿ ಹೇಳಿಸುತ್ತಿದ್ದರು.

"ಕಂಬಣ್ಣ, ಸಾರು ಚೆನ್ನಾಗೈತೆ, ಉಪ್ಪು ಒಂಚೂರು ಮುಂದು ಅಂತ ಹೇಳು."

ನಾನು ಒಳಗಿನಿಂದ, "ಕಂಬಣ್ಣ, ಮಜ್ಜಿಗೆ ತರ್ತೀನಿ ಅಂತ ಹೇಳು" ಎನ್ನುತ್ತಿದ್ದೆ.

ಕಂಬ ಯಾರಿಗೂ ಏನೂ ಹೇಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಆದರೆ ಅದಕ್ಕೊಂದು ಕಟ್ಟು ಇತ್ತು. ಅದು ನನಗೆ ಮೆಲ್ಲಮೆಲ್ಲಗೆ ತಿಳಿಯಿತು. ಕೊನೆಯಲ್ಲಿ 'ಅಂತ ಹೇಳು' ಎಂದಾಗಲೇ ಅದು ಆಡಿದ ಮಾತು. ಅಲ್ಲಿಯತನಕ ಎಷ್ಟೇ ಗಟ್ಟಿಯಾಗಿ ಅಂದಿದ್ದರೂ ಅದು ನನ್ನ ಕಿವಿಗೆ ಬಿದ್ದದ್ದಲ್ಲ. ಒಮ್ಮೊಮ್ಮೆ ಅವರು ಸಿಟ್ಟಿನಲ್ಲಿ ಏನೋ ಶುರು ಮಾಡಿ, ಅರ್ಧಕ್ಕೆ ನಿಂತು, "ಅದನ್ನ ಬಿಡು" ಎಂದು, ಬೇರೆ ಮೆತ್ತನೆಯ ಮಾತಾಡಿ 'ಅಂತ ಹೇಳು' ಎನ್ನುತ್ತಿದ್ದರು. ನನಗೆ ಮೆತ್ತನೆಯದಷ್ಟೇ ಮುಟ್ಟುತ್ತಿತ್ತು. ಮೊದಲಿನದನ್ನು ನಾನೂ ಎಂದೂ ಎತ್ತಿ ಆಡಲಿಲ್ಲ.

ಇತ್ತ ನಾದಿನಿಗೆ ಪರೀಕ್ಷೆಯ ಅಭ್ಯಾಸಕ್ಕೆ ದಾರಿ ಇರಲಿಲ್ಲ. ಕಚೇರಿಯ ಯಂತ್ರ ಮುಟ್ಟುವ ಹಾಗಿಲ್ಲ. ಅಲ್ಲಿ ಒತ್ತಿದ ಅಕ್ಷರ ಆ ಕ್ಷಣಕ್ಕೆ ಇನ್ನೊಂದು ಊರಿನ ಕಾಗದದ ಮೇಲೆ ಬೀಳುತ್ತದೆ. ಬೀದಿಯ ಕೊನೆಯಲ್ಲಿದ್ದ ವಕೀಲರ ಗುಮಾಸ್ತರಿಂದ ಒಂದು ಹಳೆಯ ಟೈಪ್‌ರೈಟರ್ ಎರವಲು ಸಿಕ್ಕಿತು. ಆದರೆ ಟೈಪ್‌ರೈಟರಿಗೆ ಇನ್ನೊಂದು ತುದಿ ಇಲ್ಲವಲ್ಲ. ನಾದಿನಿ ಅದರ ಮುಂದೆ ಕೂತು ಒಂದು ಪುಟ ಹೊಡೆದು, "ಇದು ಯಾರಿಗೂ ಹೋಗಲ್ಲ ಅತ್ತಿಗೆ, ಬಾವಿಗೆ ಮಾತಾಡ್ದಂಗೆ ಐತೆ" ಎಂದಳು.

ಆ ಸಂಜೆ ಮನೆಯವರು ಕಾಫಿ ಲೋಟ ಹಿಡಿದು ಆ ಕಿಟಕಿಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಹೇಳಿದರು. "ಯಂತ್ರದ ಮುಂದೆ ಕೂತೋಳಿಗೆ ಆ ಕಡೆ ಏನೈತೆ ಅಂತ ಕಾಣಲ್ಲ ಕಣೇ. ಕಾಣೋದು ಲೈನ್ ಮಾತ್ರ. ಕಳಿಸಿದ್ದು ಹೋಗಬೇಕು, ಉತ್ತರ ಬರಬೇಕು, ಕ್ರಮ ತಪ್ಪಬಾರದು. ಅಷ್ಟು ಮಾಡಿದ್ರೆ ನೀನೇ ಬೆಂಗಳೂರು."

ಹಾಗೆ ನಾನು ಬೆಂಗಳೂರಾದೆ. ಟೈಪ್‌ರೈಟರನ್ನು ಕೋಣೆಯ ಕಡೆ ಕಿಟಕಿಗೆ ಒತ್ತಿದ ಮೇಜಿನ ಮೇಲಿಟ್ಟೆವು. ಅಚ್ಚಿನ ಅಂಗಡಿಯಿಂದ ತಂದ ಕಾಗದದ ಕತ್ತರಿಕೆಗಳನ್ನು ಮೈದಾ ಅಂಟಿನಿಂದ ಒಂದಕ್ಕೊಂದು ಅಂಟಿಸಿ ಉದ್ದದ ಸುರುಳಿ ಮಾಡಿದೆವು. ಅವಳು ಒಂದು ಸಂದೇಶ ಹೊಡೆದು, ಪಕ್ಕದ ಗುಂಡನೆಯ ಹಿಡಿಯನ್ನು ಕರಕರ ತಿರುಗಿಸಿದರೆ ಕಾಗದ ಮೇಲೆದ್ದು ಕಿಟಕಿ ದಾಟಿ ನನ್ನ ಕಡೆ ಬಾಗುತ್ತಿತ್ತು. ಹಿಡಿ ತಿರುಗಿಸುವತನಕ ನನಗೆ ಏನೂ ಕಾಣುತ್ತಿರಲಿಲ್ಲ. ನನ್ನ ಕಡೆ ಯಂತ್ರವೇ ಇರಲಿಲ್ಲ. ಒಂದು ಪೆನ್ಸಿಲು, ಚೀಟಿಗಳು, ಕುದಿಯುವ ಬೇಳೆ. ಬಂದದ್ದನ್ನು ಓದಿ, ದೊಡ್ಡ ಅಕ್ಷರದಲ್ಲಿ ಉತ್ತರ ಬರೆದು ಕಿಟಕಿಯಲ್ಲಿ ಜಾರಿಸುತ್ತಿದ್ದೆ. ಕಿಟಕಿಗೆ ಹಳೆಯ ಸೀರೆಯ ತುಂಡೊಂದನ್ನು ಇಳಿಬಿಟ್ಟಿದ್ದೆವು. ಮುಖ ಕಂಡರೆ ಅದು ಲೈನ್ ಅಲ್ಲ ಎಂದು ಮನೆಯವರ ಕಟ್ಟಪ್ಪಣೆ.

ತಂತಿಗಳಲ್ಲಿ ರೂಢಿಯಿದ್ದಂತೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೆಯುತ್ತಿದ್ದೆವು. ತಪ್ಪಾದರೆ ಎಕ್ಸ್ ಅಕ್ಷರವನ್ನು ಅದರ ಮೇಲೇ ಹೊಡೆದು ಮುಚ್ಚುವುದು. ನಿಜವಾದ ಯಂತ್ರದಲ್ಲಿ ಹೋದ ಅಕ್ಷರ ಹೋದಂತೆಯೇ, ಆದರೆ ಕಲಿಯುವವಳಿಗೆ ಅಷ್ಟು ರಿಯಾಯಿತಿ. ಎಕ್ಸ್ ಬಿದ್ದದ್ದನ್ನು ನಾನು ಓದಬಾರದು. ಇನ್ನೊಂದು ಗುರುತೂ ಇತ್ತು. ಯಂತ್ರದಲ್ಲಿ 'ನೀವು ಯಾರು' ಎಂದು ಕೇಳಲೆಂದೇ ಒಂದು ಕೀಲಿ ಇರುತ್ತದಂತೆ. ಅದನ್ನು ಒತ್ತಿದರೆ ಆ ಕಡೆಯ ಯಂತ್ರ ತನ್ನ ಊರಿನ ಗುರುತನ್ನು ತಾನೇ ಹೇಳುತ್ತದೆ, ಕೂತವನು ಊಟಕ್ಕೆ ಎದ್ದು ಹೋಗಿದ್ದರೂ. ನಮ್ಮ ಟೈಪ್‌ರೈಟರಿನಲ್ಲಿ ಅದಿಲ್ಲದ್ದರಿಂದ ಎರಡು ಪ್ರಶ್ನೆಚಿಹ್ನೆ ಹೊಡೆಯುವುದೆಂದು ಗೊತ್ತುಮಾಡಿಕೊಂಡೆವು. ಅದು ಬಂದಾಗ ನಾನು 'ಬೆಂಗಳೂರು' ಎಂದು ಬರೆದು ಜಾರಿಸಬೇಕು.

ಇದನ್ನೆಲ್ಲ ನಾನು ಮರೆತೇಬಿಟ್ಟಿದ್ದೆ. ನೆನಪಾದದ್ದು ಮೊನ್ನೆ ಮೊನ್ನೆ, ನನ್ನ ಮಗಳಿಂದ. ಅವಳು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಯೂನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಮತ್ತು ಅದರ ಜಾತಿಯವುಗಳ ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದಳು, ನಾನು ಕಾಗುಣಿತ ನೋಡಿಕೊಡುತ್ತಿದ್ದೆ. ಒಂದು ಕಡೆ 'ಹುಸಿ ಟರ್ಮಿನಲ್' ಎಂದಿತ್ತು.

"ಇದೇನೇ, ಟರ್ಮಿನಲ್ ಅಂದ್ರೆ ಬಸ್ ನಿಲ್ದಾಣ ಅಲ್ವಾ?"

"ಅಯ್ಯೋ ಅಮ್ಮ, ಇದು ಕಂಪ್ಯೂಟರಿಗೆ ಮಾತಾಡೋ ತುದಿ. ಮೊದಲು ಅಪ್ಪನ ಟೆಲಿಪ್ರಿಂಟರ್ ಥರದ್ದನ್ನೇ ತಂತಿಯಲ್ಲಿ ಕಂಪ್ಯೂಟರಿಗೆ ಕಟ್ಟಿರ್ತಿದ್ರು. ಅದಕ್ಕೇ ಈಗಲೂ ಒಳಗೆ ಅದಕ್ಕೆ ಟಿಟಿವೈ ಅಂತಲೇ ಹೆಸರು, ಟೆಲಿಟೈಪ್ ಅನ್ನೋದರ ಮೊಟಕು. ಒಳಗಿನ ಪ್ರೋಗ್ರಾಮು ಆ ಯಂತ್ರದ ಜೊತೆ ಮಾತಾಡಿ ಅಭ್ಯಾಸ ಆದದ್ದು. ಈಗ ಯಂತ್ರ ಎಲ್ಲಿದೆ? ಪರದೆ ಮೇಲಿನ ಒಂದು ಚೌಕ, ಅದೂ ಇನ್ನೊಂದು ಪ್ರೋಗ್ರಾಮೇ. ಆದ್ರೆ ಒಳಗಿನವನು ಹಟಮಾರಿ. ಎದುರಿಗೆ ಟರ್ಮಿನಲ್ ಇದ್ರೇನೇ ಸರಿಯಾಗಿ ಮಾತಾಡೋದು."

"ಮತ್ತೆ?"

"ಮತ್ತೆ, ವ್ಯವಸ್ಥೆ ಒಂದು ಜೋಡಿ ತುದಿ ಹುಟ್ಟಿಸುತ್ತೆ. ಒಂದು ತುದಿ ಆ ಚೌಕದ ಕೈಲಿ, ಇನ್ನೊಂದು ಒಳಗಿನವನ ಕೈಲಿ. ಇಲ್ಲಿ ಬರೆದದ್ದು ಅಲ್ಲಿ ಓದೋಕೆ ಸಿಗುತ್ತೆ, ಅಲ್ಲಿ ಬರೆದದ್ದು ಇಲ್ಲಿ. ಒಳಗಿನವನು 'ಇದು ಟರ್ಮಿನಲ್ಲೇನಾ?' ಅಂತ ಕೇಳಿದ್ರೆ ವ್ಯವಸ್ಥೆ 'ಹೌದು' ಅನ್ನುತ್ತೆ. ಆ ಕಡೆ ಮನುಷ್ಯ ಇದಾನೋ, ಇನ್ನೊಂದು ಪ್ರೋಗ್ರಾಮ್ ಇದೆಯೋ, ಬೇರೆ ಊರಿಂದ ಯಾರಾದ್ರೂ ಬಂದು ಸೇರಿದಾರೋ, ಅವನಿಗೆ ಯಾವತ್ತೂ ಗೊತ್ತಾಗಲ್ಲ. ಹೊರಗಿನ ತುದಿ ಮುಚ್ಚಿದ್ರೆ ಮಾತ್ರ ಲೈನ್ ಹೋಯ್ತು ಅಂತ ಅವನಿಗೆ ತಿಳಿಯುತ್ತೆ."

ಎರಡು ತುದಿಗಳ ನಡುವೆ ಬರೀ ಕೊಳವೆಯಿಲ್ಲ, ಅಲ್ಲೊಂದು ಕಟ್ಟುಪಾಡು ಕೂತಿರುತ್ತದೆ ಎಂದೂ ಅವಳು ಹೇಳಿದಳು. ನಾವು ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುವುದು ಸಾಮಾನ್ಯವಾಗಿ ಅದು ಮರಳಿ ತೋರಿಸುವುದರಿಂದ. ಗುಟ್ಟಿನ ಪದ ಬರೆಯುವಾಗ ತೋರಿಸಬೇಡವೆಂದು ಅದಕ್ಕೆ ಹೇಳಿರುತ್ತಾರಂತೆ. ಎಂಟರ್ ಒತ್ತುವತನಕ ಸಾಲನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಅಷ್ಟರೊಳಗೆ ಅಳಿಸಿದ್ದು ಒಳಗಿನವನಿಗೆ ಹೋಗುವುದೇ ಇಲ್ಲ. ನಿಲ್ಲಿಸು ಎನ್ನುವ ಕೀಲಿ ಒತ್ತಿದರೆ ಅದನ್ನು ಅಕ್ಷರವಾಗಿ ದಾಟಿಸದೆ, ಒಳಗಿನವನ ಭುಜ ಹಿಡಿದು ಅಲುಗಿಸುತ್ತದೆ. ಅಕ್ಷರ ಅಕ್ಷರವೂ ಆಗಿಂದಾಗಲೇ ಬೇಕೆನ್ನುವ ಪ್ರೋಗ್ರಾಮುಗಳೂ ಇವೆಯಂತೆ, ಅವು ಮೊದಲೇ ಹೇಳಿ ಈ ಕಟ್ಟುಗಳನ್ನು ಸಡಿಲಿಸಿಕೊಳ್ಳುತ್ತವೆ.

"ಹುಸಿ ಅನ್ನೋದು ಸರಿ ಇದೆಯಾ ಅಮ್ಮ?" ಎಂದು ಕೇಳಿದಳು. ನಾನು ಕನ್ನಡಕ ತೆಗೆದು ಒರೆಸುತ್ತ ಕೂತೆ. ನನ್ನ ಕಣ್ಣೆದುರು ಮೈದಾ ಅಂಟಿನ ವಾಸನೆಯ ಒಂದು ಕಾಗದ ಕಿಟಕಿಯಿಂದ ಬಾಗುತ್ತಿತ್ತು.

ನಮ್ಮ ಅಭ್ಯಾಸ ಶುರುವಾಗಿ ಕೆಲವು ದಿನಗಳಾದ ಮೇಲೆ, ಒಂದು ಮಧ್ಯಾಹ್ನ ಮಾವನವರು ಹೇಳದೆ ಬಂದರು. ಗಾಳಿ ಬಿಡದೆ ಬೀಸುವ ತಿಂಗಳು. ಬಾಗಿಲ ಚಿಲಕ ತನ್ನಷ್ಟಕ್ಕೇ ಕಟಗುಟ್ಟುತ್ತಿದ್ದರಿಂದ ಅವರು ಬಂದದ್ದೇ ನನಗೆ ಕೇಳಿಸಲಿಲ್ಲ. ತಲೆ ಎತ್ತಿದಾಗ ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಮನೆಯವರು ಕಚೇರಿಯಲ್ಲಿದ್ದರು. ಕೋಣೆಯ ಬಾಗಿಲು ಹಾಕಿತ್ತು, ಒಳಗಿನಿಂದ ಟೈಪಿನ ಸದ್ದು. ನಾನು ನೀರು ತಂದು ಕಂಬದ ಬುಡಕ್ಕಿಟ್ಟು ಒಳಗೆ ಬಂದೆ.

"ಕಂಬಣ್ಣ, ಏನದು ಟಕಟಕ? ಮನೆಗೆ ಬಟ್ಟೆ ಹೊಲಿಯೋ ಸಿಂಪಿಗರನ್ನ ಕೂರಿಸ್ಕಂಡವ್ರಾ ಅಂತ ಕೇಳು."

"ಕಂಬಣ್ಣ, ಅವಳು ತಂತಿ ಕಳಿಸೋದು ಕಲೀತಿದಾಳೆ. ನಾನು ಇಲ್ಲಿ ಬೆಂಗಳೂರಾಗಿ ಕೂತಿದೀನಿ ಅಂತ ಹೇಳು."

ಮಾವನವರು ನೀರು ಕುಡಿಯುವುದನ್ನು ನಿಲ್ಲಿಸಿದರು. "ಅಡುಗೆಮನೆ ಬೆಂಗಳೂರಾ? ಭೇಷ್! ವಿಧಾನಸೌಧ ಯಾವುದು, ಆ ನೀರಿನ ಹಂಡೆನಾ ಅಂತ ಕೇಳು."

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಹೇಗೆ ನಡೆಯುತ್ತದೆಂದು ಕಂಬಕ್ಕೆ ವಿವರಿಸಿದೆ. ಕಾಗದ ಬರುವುದು, ಚೀಟಿ ಹೋಗುವುದು, ಮುಖ ಕಾಣದಿರುವುದು. ಅವರು ಕುತ್ತಿಗೆ ಉದ್ದ ಮಾಡಿ ಕಿಟಕಿಯತ್ತ ನೋಡಿದರು. ಆಮೇಲೆ, ತಾನು ಬಂದಿರುವುದು ಮಗಳಿಗೆ ಗೊತ್ತೋ ಎಂದು ಕೇಳಿಸಿದರು. ಇಲ್ಲವೆಂದೆ.

"ಹೇಳಬ್ಯಾಡ. ಆ ಕಡೆ ಮಳೆ ಆತಾ ಅಂತ ಕೇಳು."

ಅದು ನನಗಲ್ಲ, ಬೆಂಗಳೂರಿನಿಂದ ಮಗಳಿಗೆ ಕಳಿಸಲು ಹೇಳಿದ್ದು ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಚೀಟಿ ಬರೆದು ಜಾರಿಸಿದೆ. ಒಳಗೆ ಕೀಲಿಗಳು ಮಾತಾಡಿದವು, ಹಿಡಿ ತಿರುಗಿತು, ಕಾಗದ ಮೇಲೆದ್ದಿತು. ನಾನು ಕಂಬಕ್ಕೆ ಓದಿದೆ.

"'ಚಿತ್ರದುರ್ಗದಲ್ಲಿ ಮಳೆ ಇಲ್ಲ. ಬರೀ ಗಾಳಿ. ನಿಮ್ಮಲ್ಲಿ ಹೇಗೆ?' ಅಂತ ಹೇಳು."

"ಇಲ್ಲಿ ಒಂದು ಹದ ಮಳೆ ಆಗೈತೆ, ಕಡ್ಲೆಕಾಯಿ ಬಿತ್ತಾಕೆ ಸಾಕು ಅಂತ ಹೇಳು."

ಚೀಟಿ ಹೋದ ಮೇಲೆ ಕೋಣೆಯೊಳಗಿಂದ ಕಿಸಕ್ಕನೆ ನಗು ಕೇಳಿಸಿತು. ಅವಳ ಉತ್ತರ ಬಂತು. 'ಬೆಂಗಳೂರಿನಲ್ಲಿ ಕಡಲೆಕಾಯಿಯೇ? ಒಳ್ಳೆ ಬೆಳೆ ಬರಲಿ.' ಮಾವನವರ ಮುಖದಲ್ಲಿ ನಾನು ಹಿಂದೆ ಕಾಣದ ಒಂದು ತುಂಟತನ ಕಂಡೆ. ಮಗಳು ನಕ್ಕ ಸದ್ದನ್ನು ಇನ್ನೊಮ್ಮೆ ಕೇಳಲೆಂಬಂತೆ ಕಿವಿಯನ್ನು ಆ ಕಡೆಗೇ ವಾಲಿಸಿ ಕೂತಿದ್ದರು. ಗಾಳಿಗೆ ಕಿಟಕಿಯ ಸೀರೆತುಂಡು ಉಬ್ಬಿ ಇಳಿಯುತ್ತಿತ್ತು. ಮನೆ ಒಂದು ದೊಡ್ಡ ಪ್ರಾಣಿಯಂತೆ ಉಸಿರಾಡುತ್ತಿದೆ, ನಾವು ಮೂವರೂ ಅದರ ಹೊಟ್ಟೆಯೊಳಗೆ ಬೇರೆ ಬೇರೆ ಕಡೆ ಮಲಗಿ ಮಾತಾಡುತ್ತಿದ್ದೇವೆ ಎನ್ನಿಸಿತು.

ಆಮೇಲೆ ಅವರ ದನಿ ತಗ್ಗಿತು.

"ಶ್ರೀರಾಂಪುರದೋರು ಸೋಮವಾರ ಬರ್ತಾರೆ. ಹುಡುಗ ಒಳ್ಳೇನು. ಯಾಕೆ ಬ್ಯಾಡ ಅಂತ ಕೇಳು."

ನನ್ನ ಪೆನ್ಸಿಲು ನಿಂತಿತು. ನಾದಿನಿ ಅದನ್ನು ನಾನು ಕೇಳಿದೆನೆಂದು ತಿಳಿಯುತ್ತಾಳೆ. ನನಗಾದರೆ ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತಾಳೆ. ಬರೆಯದಿದ್ದರೆ ಮಾವನವರು ಎದ್ದು ಹೋಗುತ್ತಾರೆ, ಸೋಮವಾರ ಬರುತ್ತದೆ. ಬರೆದೆ. ಒಂದಕ್ಷರ ಮೆತ್ತಗೆ ಮಾಡದೆ ಬರೆದೆ.

ಒಳಗೆ ಕೀಲಿಗಳ ಸದ್ದು, ನಿಧಾನವಾಗಿ ಒಂದು ಸಾಲು. ಆಮೇಲೆ ಒಂದೇ ಕೀಲಿ ಮತ್ತೆ ಮತ್ತೆ, ಒಂದೇ ಸಮ, ಬಿಡದೆ. ಆಮೇಲೆ ಇನ್ನೊಂದು ಸಾಲು, ಬೇಗ. ಹಿಡಿ ಕರಕರ ತಿರುಗಿತು.

ಕಾಗದದ ಮೇಲೆ ಒಂದು ಇಡೀ ಸಾಲು ಎಕ್ಸ್‌ಗಳಡಿ ಕಪ್ಪಾಗಿತ್ತು. ಕೆಳಗೆ ಹೀಗಿತ್ತು. ನಾನು ಕಂಬಕ್ಕೆ ಓದಿದೆ. "'ಬೇಡ ಅಂದಿಲ್ಲ. ಪರೀಕ್ಷೆ ಆದಮೇಲೆ ಆಗಲಿ ಅಂತ ಅಷ್ಟೇ. ಅದನ್ನು ಅಪ್ಪನಿಗೆ ಹೇಳಲು ನನಗೆ ಬರುವುದಿಲ್ಲ' ಅಂತ ಹೇಳು."

ಮಾವನವರು ಕಾಗದವನ್ನೇ ನೋಡುತ್ತಿದ್ದರು. ಇಂಗ್ಲಿಷ್ ಅಕ್ಷರ ಅವರಿಗೆ ಬರುತ್ತಿರಲಿಲ್ಲ, ಆದರೆ ಕಪ್ಪು ಸಾಲು ಯಾರಿಗೂ ಕಾಣುವಂತಿತ್ತು.

"ಮೇಲೆ ಕರ್‍ರಗೆ ಐತಲ್ಲ, ಅದೇನು ಅಂತ ಕೇಳು."

"ಅದು ಅಳಿಸಿದ್ದು. ಅಳಿಸಿದ್ದು ಹೇಳಿದ್ದಲ್ಲ ಅಂತ ಹೇಳು."

"ನಿಂಗೆ ಕಾಣ್ತೈತಾ?"

ಅವರು 'ಅಂತ ಕೇಳು' ಎನ್ನಲಿಲ್ಲ. ಹಾಗಾಗಿ ಅದು ನನ್ನನ್ನು ಕೇಳಿದ್ದಲ್ಲ. ಬಿಸಿಲಿಗೆ ಹಿಡಿದರೆ ಕಾಣುತ್ತಿತ್ತು. ಅಪ್ಪನ ಎದುರು ನಿಂತರೆ ನಾಲಿಗೆ ಕಲ್ಲಾಗುತ್ತದೆ ಎಂದು ಅವಳು ಹೊಡೆದಿದ್ದಳು. ನಾನು ಕಾಗದವನ್ನು ಬಿಸಿಲಿನಿಂದ ಈಚೆಗೆ ಸರಿಸಿದೆ.

ಅವರು ಟವೆಲ್ಲನ್ನು ಮಡಿಚಿದರು, ಬಿಚ್ಚಿದರು. "ಇವ್ರವ್ವ ಹೋದಾಗ ಇದು ಇಷ್ಟುದ್ದ ಇತ್ತು. ನನ್ ಕಂಬಳಿ ತುದಿ ಹಿಡ್ಕಂಡು ಕುರಿ ಹಿಂದೆ ಬರೋದು. ಅಪ್ಪ ಅದ್ಯಾಕೆ, ಅಪ್ಪ ಇದ್ಯಾಕೆ, ಬಾಯಿಗೆ ಬಿಡುವೇ ಇರ್ಲಿಲ್ಲ. ಹೊಳಲ್ಕೆರೆ ರಸ್ತೆ ತಂತಿ ಕಂಬಕ್ಕೆ ಕಿವಿ ಇಟ್ಟು, ಒಳಗೆ ಯಾರೋ ಅಳ್ತಾ ಅವ್ರೆ ಅನ್ನೋದು. ಗಾಳಿ ಕಣವ್ವ ಅಂತಿದ್ದೆ. ಆಮೇಲೆ ಯಾವಾಗ ಮಾತು ನಿಲ್ಸಿದ್ಲೋ ನಂಗೆ ತಿಳೀಲೇ ಇಲ್ಲ. ದೊಡ್ಡೋಳಾದ್ಲು, ಅದಕ್ಕೆ ಅಂದ್ಕಂಡೆ..."

ನಾನು ಪೆನ್ಸಿಲು ಎತ್ತಿಕೊಂಡೇ ಕಾದೆ. 'ಅಂತ ಹೇಳು' ಬರಲಿಲ್ಲ.

"ಅದನ್ನ ಬಿಡು" ಎಂದರು.

ಒಳಗೆ ಎರಡು ಸಲ ಟಕ್ಕೆಂದಿತು, ಹಿಡಿ ತಿರುಗಿತು. ಬೆಂಗಳೂರು ಇಷ್ಟು ಹೊತ್ತು ಸುಮ್ಮನಿರುವುದಿಲ್ಲವಲ್ಲ. ಕಾಗದದ ತುದಿಯಲ್ಲಿ ಎರಡು ಪ್ರಶ್ನೆಚಿಹ್ನೆಗಳಿದ್ದವು.

"ಏನಂತೆ?" ಎಂದು ಮಾವನವರು ಕಂಬದತ್ತ ತಿರುಗಿದರು.

"'ನೀವು ಯಾರು' ಅಂತ ಕೇಳ್ತಿದಾಳೆ. ಆ ಕಡೆ ಇರೋರು ತಮ್ಮ ಊರಿನ ಗುರುತು ಹೇಳಬೇಕು ಅಂತ ಹೇಳು."

'ಬೆಂಗಳೂರು' ಎಂದು ಬರೆದಿಟ್ಟ ಚೀಟಿ ನನ್ನ ಕೈಯಲ್ಲೇ ಇತ್ತು. ಅದನ್ನು ಜಾರಿಸಿದ್ದರೆ ಎಲ್ಲ ಆಟವಾಗಿ ಮುಗಿಯುತ್ತಿತ್ತು. ಆದರೆ ಪ್ರಶ್ನೆ ನನ್ನನ್ನು ದಾಟಿ ಹೋಗಿತ್ತು. ಮಾವನವರು ಕೋಣೆಯ ಮುಚ್ಚಿದ ಬಾಗಿಲನ್ನು ನೋಡಿದರು, ನನ್ನನ್ನು ನೋಡಲಿಲ್ಲ.

"ತಾಳ್ಯ ಅಂತ ಹೇಳು."

ಹೊಸ ಚೀಟಿಯಲ್ಲಿ ಬರೆದೆ. ಇಂಗ್ಲಿಷಿನಲ್ಲಿ ಐದೇ ಅಕ್ಷರ. ಕಿಟಕಿಯಲ್ಲಿ ಬಿಟ್ಟಾಗ ಅದು ಗಾಳಿಗೆ ಅರೆಗಳಿಗೆ ಅಲ್ಲೇ ನಡುಗಿ, ಆಮೇಲೆ ಆ ಕಡೆ ಬಿತ್ತು.

ಕುರ್ಚಿ ಕಿರ್ರೆಂದಿತು. ಎದ್ದಳು, ಈಗ ಬಾಗಿಲು ತೆರೆಯುತ್ತಾಳೆ, ಬಂದವಳು ಅಪ್ಪನ ಎದುರು 'ಏನಿಲ್ಲ' ಎಂದು ಸೆರಗು ಸುತ್ತುತ್ತ ನಿಲ್ಲುತ್ತಾಳೆ ಎಂದುಕೊಂಡೆ. ಬಳೆಯ ಸದ್ದೂ ಬರಲಿಲ್ಲ. ಬೇಳೆ ಉಕ್ಕಿ ಕೆಂಡದ ಮೇಲೆ ಸುರ್ರೆಂದಿತು. ನಾನು ಪಾತ್ರೆ ಇಳಿಸಲಿಲ್ಲ.

ಮತ್ತೆ ಕುರ್ಚಿಯ ಸದ್ದು. ಕೂತಳು. ಅಳೆದು ಅಳೆದು ಒತ್ತಿದ ಕೀಲಿಗಳು. ಕಾಗದ ಎದ್ದಿತು. 'ತಾಳ್ಯ. ಜಿಎ.'

"'ತಾಳ್ಯದೋರು ಮುಂದೆ ಹೇಳ್ರಿ' ಅಂತ ಅಂದಳು. ಜಿಎ ಅಂದ್ರೆ ಗೋ ಅಹೆಡ್, ಲೈನಿನಲ್ಲಿ ಹಾಗೆ ಅಂತಾರೆ, ಮಾತು ನಿಮ್ಮದು ಅನ್ನೋದಕ್ಕೆ" ಎಂದೆ. ಕಂಬಕ್ಕೆ ಅಂತ ಹೇಳು ಎನ್ನುವುದನ್ನು ಮರೆತೇಬಿಟ್ಟಿದ್ದೆ. ಅವರೂ ಗಮನಿಸಲಿಲ್ಲ.

"ಪರೀಕ್ಷೆ ಎಲ್ಲಿ ಅಂತ ಕೇಳು."

'ದಾವಣಗೆರೆ. ಗುರುವಾರ.'

"ಯಾವ ಬಸ್ಸು ಅಂತ ಕೇಳು."

'ಬೆಳಗಿನ ಮೊದಲ ಬಸ್ಸು.'

"ಅಣ್ಣ ಬರ್ತಾನಾ ಅಂತ ಕೇಳು."

'ಅಣ್ಣನಿಗೆ ರಜೆ ಇಲ್ಲ. ಅತ್ತಿಗೆಗೂ ಮನೆ ಬಿಡಲಾಗದು.' ಅಷ್ಟೇ ಇತ್ತು. ಮುಂದೆ ಏನೂ ಕೇಳಿರಲಿಲ್ಲ, ಏನೂ ಅಳಿಸಿರಲಿಲ್ಲ.

ಮಾವನವರು, "ನಾನು ಬರ್ತೀನಿ ಅಂತ ಹೇಳು" ಎಂದರು. ನಾನು ಬರೆಯುವುದರೊಳಗೆ ಮತ್ತೆ ಹೇಳಿದರು, ಕಂಬ ಕಿವುಡೇನೋ ಎಂಬಂತೆ ಗಟ್ಟಿಯಾಗಿ. "ನಾನೇ ಬರ್ತೀನಿ ಅಂತ ಹೇಳು."

ಚೀಟಿ ಬೇಕಾಗಿಯೇ ಇರಲಿಲ್ಲ. ಗೋಡೆಯ ಆ ಕಡೆಗೂ ಕೇಳಿಸಿರಬೇಕು. ಆದರೂ ನಾನು ಬರೆದು ಜಾರಿಸಿದೆ, ಅವಳೂ ಅದು ಮುಟ್ಟಿತೆಂದು ಟೈಪ್ ಮಾಡಿ ಕಳಿಸಿದಳು.

ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ನಾದಿನಿ ಮುಖ ತೊಳೆದುಕೊಂಡಿದ್ದಳು, ಹಣೆಯ ಮೇಲಿನ ಕೂದಲು ಒದ್ದೆಯಿತ್ತು. ನನ್ನ ಕೈಯಿಂದ ಕಾಫಿ ಲೋಟ ತೆಗೆದುಕೊಂಡು ಪಡಸಾಲೆಗೆ ಹೋದಳು.

"ಅಪ್ಪ, ಯಾವಾಗ ಬಂದ್ರಿ?"

"ಈಗ್ಲೇ ಬಂದೆ ಕಣವ್ವ. ಬಸ್ಸಲ್ಲಿ ಏನ್ ಜನ ಅಂತೀಯ."

ಇಬ್ಬರೂ ಕಾಫಿಯ ಲೋಟವನ್ನೇ ನೋಡುತ್ತಿದ್ದರು. ನಾನು ಒಳಗೆ ಬಂದು ಒಲೆಯ ಸುತ್ತ ಚೆಲ್ಲಿದ ಬೇಳೆ ಒರೆಸಿದೆ.

ಸೋಮವಾರ ಶ್ರೀರಾಂಪುರದವರು ಬಂದರು, ಉಪ್ಪಿಟ್ಟು ತಿಂದರು, ಹುಡುಗಿಯನ್ನು ನೋಡಿ ಮೆಚ್ಚಿದರು. ಹುಡುಗನ ಚಿಕ್ಕಪ್ಪ, "ಹಂಗಾದ್ರೆ ಒಂದು ಮಾತು ಹೇಳಿಬಿಡ್ರಿ ಗೌಡ್ರೆ, ಶಾಸ್ತ್ರ ಮಾಡ್ಕಂಡೇ ಹೋಗಾಣ" ಎಂದರು. ಮಾವನವರು ಎಲೆಯಡಿಕೆ ತಟ್ಟೆಯನ್ನು ಅವರ ಕಡೆ ತಳ್ಳಿ, "ಹುಡುಗಿ ಲೈನ್‌ನಾಗೆ ಅವ್ಳೆ. ಅದು ಮುಗಿಯೋತನ ಕಾಯ್ರಿ" ಎಂದರು. ಅವರಿಗೆ ತಲೆಬುಡ ತಿಳಿಯಲಿಲ್ಲ. ಮನೆಯವರು ಕೆಮ್ಮುತ್ತ ಹಿತ್ತಲಿಗೆ ಎದ್ದು ಹೋದರು. ಶ್ರೀರಾಂಪುರದವರು ದೀಪಾವಳಿಯವರೆಗೆ ಕಾದು ಬೇರೆ ಕಡೆ ಹೆಣ್ಣು ತಂದುಕೊಂಡರೆಂದು ಆಮೇಲೆ ಕೇಳಿದೆವು. ಅಷ್ಟರಲ್ಲಿ ನಾದಿನಿ ಆಯ್ಕೆಯಾಗಿ, ತರಬೇತಿ ಮುಗಿಸಿ, ಹೊಸದುರ್ಗದಲ್ಲಿ ಕೆಲಸಕ್ಕೆ ಕೂತಿದ್ದಳು. ಪರೀಕ್ಷೆಯಲ್ಲಿ ಅವಳು ಮಾಡಿದ ತಪ್ಪು ಒಂದೇ. ಸಂದೇಶ ಮುಗಿದಾಗಲೆಲ್ಲ ಕೈ ತನ್ನಷ್ಟಕ್ಕೇ ಯಂತ್ರದ ಪಕ್ಕದಲ್ಲಿ ಇಲ್ಲದ ಹಿಡಿಯನ್ನು ಹುಡುಕಿ, ಕಣ್ಣು ಎದುರಿನ ಗೋಡೆಯ ಮೇಲೆ ಹೋಗುತ್ತಿತ್ತಂತೆ. ಪರೀಕ್ಷೆ ಮಾಡುವವರು, "ಗೋಡೇಲಿ ಏನಮ್ಮ ಇದೆ?" ಎಂದು ಕೇಳಿದರಂತೆ.

ಆ ಗುರುವಾರ ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಬುತ್ತಿ ಕಟ್ಟಿಕೊಟ್ಟು ನಾನು ಬಾಗಿಲಲ್ಲಿ ನಿಂತೆ. ಬೀದಿಯಲ್ಲಿ ನೀರು ಚಿಮುಕಿಸಿದ ಮಣ್ಣಿನ ವಾಸನೆ, ಮೇಲೆ ಕೋಟೆಯ ಬಂಡೆಗಳು ಇನ್ನೂ ನಿದ್ದೆಯ ಬಣ್ಣದಲ್ಲಿದ್ದವು. ಯಾವಾಗಲೂ ಅಪ್ಪನಿಂದ ನಾಲ್ಕು ಹೆಜ್ಜೆ ಹಿಂದೆ ನಡೆಯುವ ಹುಡುಗಿ. ಎಣ್ಣೆಯಂಗಡಿ ತನಕ ಹಾಗೆಯೇ ಹೋದಳು. ಅಲ್ಲಿ ಮಾವನವರು ಚಪ್ಪಲಿ ಸರಿಮಾಡಿಕೊಳ್ಳಲು ನಿಂತರು. ಅವಳು ಪಕ್ಕಕ್ಕೆ ಬಂದಳು, ಆಮೇಲೆ ಹಿಂದೆ ಸರಿಯಲಿಲ್ಲ. ಒಂದು ಕೈಯಲ್ಲಿ ಬುತ್ತಿಯಿತ್ತು, ಇನ್ನೊಂದು ಕೈ ಗಾಳಿಯಲ್ಲಿ ಏನನ್ನೋ ತೋರಿಸುತ್ತಿತ್ತು, ಬೆರಳುಗಳು ಕೀಲಿ ಒತ್ತಿದಂತೆ ಆಡುತ್ತಿದ್ದವು. ಮಾವನವರು ತಲೆ ಬಗ್ಗಿಸಿ ಕೇಳುತ್ತಿದ್ದರು. ಒಮ್ಮೆ ನಿಂತು ಅವಳನ್ನೇ ಏನೋ ಕೇಳಿದರು, ಅವಳು ಮತ್ತೆ ಮೊದಲಿನಿಂದ ಶುರು ಮಾಡಿದಳು.

ನಾನಿದ್ದ ಕಡೆಗೆ ಒಂದು ಮಾತೂ ಕೇಳಿಸಲಿಲ್ಲ.